ಬದನೆ ಅಲ್ಲ, ಗುಳ್ಳ

ಕಟಪಾಡಿಯಲ್ಲಿ ಬಸ್ಸಿಳಿದು, ಹೆದ್ದಾರಿ ದಾಟಿ, ಸಾಲಿನಲ್ಲಿ ಮೊದಲಿದ್ದ ರಿಕ್ಷಾದವರಿಗೆ "ಮಟ್ಟುವಿಗೆ, ಬದನೆ ಗದ್ದೆ ಇರುವ ಕಡೆ" ಎಂದೆ. ಅವರು ಎಂಜಿನ್ ಚಾಲೂ ಮಾಡಲಿಲ್ಲ. "ಬದನೆ ಅಲ್ಲ, ಗುಳ್ಳ" ಎಂದರು. ಸರಿ, ಗುಳ್ಳ ಎಂದು ನಾನೂ ಹೇಳಿದ ಮೇಲೆಯೇ ರಿಕ್ಷಾ ಹೊರಟಿತು. ಸಸ್ಯಶಾಸ್ತ್ರದ ಪುಸ್ತಕ ತೆರೆದರೆ ಎರಡೂ ಒಂದೇ ಪ್ರಭೇದ, ಎರಡಕ್ಕೂ ಒಂದೇ ಲ್ಯಾಟಿನ್ ಹೆಸರು. ಅದನ್ನು ರಿಕ್ಷಾದೊಳಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಕಟಪಾಡಿ ಒಂದು ವಿಚಿತ್ರ ಜಂಕ್ಷನ್. ಇಲ್ಲಿಂದ ಪೂರ್ವಕ್ಕೆ ತಿರುಗಿದರೆ ಶಂಕರಪುರದ ಮಲ್ಲಿಗೆ, ಪಶ್ಚಿಮಕ್ಕೆ ತಿರುಗಿದರೆ ಮಟ್ಟುವಿನ ಗುಳ್ಳ. ಊರ ಹೆಸರೇ ಬೆಳೆಯ ಹೆಸರಾಗಿ, ಭೌಗೋಳಿಕ ಸೂಚಿಕೆಯ ಮುದ್ರೆ ಪಡೆದ ಎರಡು ಬೆಳೆಗಳು ಇಷ್ಟು ಹತ್ತಿರ ಹತ್ತಿರ ಇರುವ ಜಾಗ ನಾಡಿನಲ್ಲಿ ಬೇರೆ ಎಲ್ಲುಂಟೋ ನಾನು ಕಂಡಿಲ್ಲ. ಮಲ್ಲಿಗೆಯ ಕಡೆಗೆ ಬೆಳಗ್ಗೆಯೇ ಜನ ಓಡುತ್ತಿದ್ದರು. ನಮ್ಮ ದಾರಿ ಖಾಲಿ. ಮುರಕಲ್ಲಿನ ಆವರಣ, ತೆಂಗು, ಅಲ್ಲಲ್ಲಿ ಒಣಗಲು ಹರಡಿದ ಬಲೆ. ಸ್ವಲ್ಪ ಹೊತ್ತಿನಲ್ಲೇ ಮೂಗಿಗೆ ಉಪ್ಪು ಹತ್ತಿತು. ಕಡಲು ಇನ್ನೂ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು.

ಮಟ್ಟು ಒಂದು ಪಟ್ಟಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಹೊಳೆ. ನಡುವೆ ಮರಳು ಬೆರೆತ ನೆಲದಲ್ಲಿ ಚಿಕ್ಕ ಚಿಕ್ಕ ಗದ್ದೆಗಳು. ಮಳೆಗಾಲದಲ್ಲಿ ಇಲ್ಲಿ ಬತ್ತ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಏರಿ ಎಬ್ಬಿಸಿ ಗುಳ್ಳದ ಸಸಿ ನೆಡುತ್ತಾರೆ. ಡಿಸೆಂಬರಿನ ಹೊತ್ತಿಗೆ ಕಾಯಿ ಕೊಯ್ಲು ಶುರು, ಬೇಸಿಗೆ ಮುಗಿಯುವವರೆಗೂ ಬಿಡುವಿಲ್ಲ. ನಾನು ಹೋದದ್ದು ಫೆಬ್ರುವರಿಯ ಎರಡನೇ ವಾರ. ಸುಗ್ಗಿಯ ನಟ್ಟ ನಡುವೆ. ಬಯಲುಸೀಮೆಯ ನಮ್ಮಂಥವರಿಗೆ ಹೊಲವೆಂದರೆ ಎಕರೆಯ ಲೆಕ್ಕ. ಇಲ್ಲಿಯದು ಸೆಂಟ್ಸಿನ ಲೆಕ್ಕ. ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್, ಪಕ್ಕದವರದ್ದು ಹದಿನೈದು. ಈ ಸೆಂಟ್ಸಿನ ಲೆಕ್ಕವನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ರಿಕ್ಷಾದವರು ಪರಿಚಯದ ಮನೆಯೊಂದರ ಮುಂದೆ ಇಳಿಸಿದರು. ಮನೆಯ ಯಜಮಾನರಿಗೆ ಎಪ್ಪತ್ತೈದು ದಾಟಿರಬೇಕು. ತಲೆಗೆ ಮುಟ್ಟಾಳೆ, ಕೈಯಲ್ಲಿ ಚಿಕ್ಕ ಕತ್ತಿ. ಅವರನ್ನು ಇಲ್ಲಿ ಅಜ್ಜ ಎಂದೇ ಕರೆಯುತ್ತೇನೆ. ಬಂದ ವಿಷಯ ತಿಳಿಸಿದೆ. ಬಿಟಿ ಬದನೆಯ ಗಲಾಟೆ ನಡೆದ ಕಾಲ, ಆಗ ಮಟ್ಟುಗುಳ್ಳದ ಹೆಸರೂ ಓಡಾಡಿತ್ತಲ್ಲ, ಅದು ಬೆಳೆಯುವ ನೆಲ ನೋಡಬೇಕಿತ್ತು ಎಂದೆ. "ಅದು ಆಗಿ ಎಷ್ಟು ವರ್ಷ ಆಯ್ತು ಮಾರಾಯ್ರೇ" ಎಂದು ನಕ್ಕು, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಗದ್ದೆಗೆ ಇಳಿದರು. ಬುಟ್ಟಿ ಹೊತ್ತವನಿಗೆ ಪ್ರಶ್ನೆ ಕೇಳುವ ಹಕ್ಕಿದೆ ಎಂದು ನಾನು ಅರ್ಥ ಮಾಡಿಕೊಂಡೆ.

ಗುಳ್ಳದ ಗಿಡ ನೋಡಲು ಅಂಥ ಚೆಂದವೇನಲ್ಲ. ಮೊಣಕಾಲಿನಿಂದ ಸೊಂಟದ ಎತ್ತರ, ಅಗಲ ಎಲೆ, ತೊಟ್ಟಿನಲ್ಲಿ ಮುಳ್ಳು. ಕಾಯಿ ಮಾತ್ರ ಬೇರೆಯೇ. ದುಂಡಗೆ, ತಿಳಿಹಸಿರು, ಮೈಮೇಲೆ ಬಿಳಿಯ ಗೀರು. ಸಿಪ್ಪೆ ಎಷ್ಟು ತೆಳುವೆಂದರೆ ಅಜ್ಜ ಉಗುರಿನಿಂದ ಗೀರಿದರೆ ಸಾಕು, ಒಳಗಿನ ಬಿಳಿ ತಿರುಳು ಕಾಣಿಸಿತು. ಬೇರೆ ಬದನೆ ಕೊಯ್ದಿಟ್ಟರೆ ಕಪ್ಪಾಗುತ್ತದೆ, ಉಪ್ಪುನೀರಿನಲ್ಲಿ ಹಾಕದಿದ್ದರೆ ಕಹಿ ಬಿಡುವುದಿಲ್ಲ, ಇದಕ್ಕೆ ಆ ಉಪಚಾರವೆಲ್ಲ ಬೇಡ ಎಂದು ಅವರ ವಿವರಣೆ. ಮುಳ್ಳಿರುವ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಕತ್ತಿ ಆಡಿಸುವ ರೀತಿ ಮೂರು ಸಲ ತೋರಿಸಿದರು. ನಾಲ್ಕನೆಯ ಸಲ ನಾನು ಮಾಡಲು ಹೋಗಿ ಬೆರಳಿಗೆ ಚುಚ್ಚಿಸಿಕೊಂಡೆ.

ಈ ಗಿಡ ಎಲ್ಲಿಂದ ಬಂತು ಎಂಬುದಕ್ಕೆ ಊರಿನಲ್ಲಿ ಒಂದೇ ಉತ್ತರ: ವಾದಿರಾಜರು ಕೊಟ್ಟದ್ದು. ಸೋದೆ ಮಠದ ವಾದಿರಾಜ ಯತಿಗಳು ಹಯಗ್ರೀವನಿಗೆ ಕಡಲೆ, ಬೆಲ್ಲ, ತೆಂಗಿನಕಾಯಿಯ ನೈವೇದ್ಯವನ್ನು ತಲೆಯ ಮೇಲೆ ಹೊತ್ತು ನಿಲ್ಲುತ್ತಿದ್ದರಂತೆ. ಬಿಳಿಯ ಕುದುರೆಯೊಂದು ಹಿಂದಿನಿಂದ ಬಂದು, ಹೆಗಲ ಮೇಲೆ ಮುಂಗಾಲಿಟ್ಟು ತಿಂದು, ಸ್ವಲ್ಪ ಪ್ರಸಾದ ಉಳಿಸಿ ಹೋಗುತ್ತಿತ್ತು. ಯಾರೋ ಹೊಟ್ಟೆಕಿಚ್ಚಿನವರು ಒಂದು ದಿನ ನೈವೇದ್ಯದಲ್ಲಿ ವಿಷ ಬೆರೆಸಿದರು. ಆ ದಿನ ಕುದುರೆ ಏನೂ ಉಳಿಸದೆ ತಿಂದಿತು, ವಿಗ್ರಹ ನೀಲಿಗಟ್ಟಿತು. ವಾದಿರಾಜರು ಮಟ್ಟುವಿನವರಿಗೆ ಬೀಜ ಕೊಟ್ಟು ಬೆಳೆಸಿದರು. ಆ ಗುಳ್ಳದ ನೈವೇದ್ಯ ದಿನವೂ ಸಂದ ಮೇಲೆ ನೀಲಿ ಇಳಿಯಿತು, ಕೊರಳಲ್ಲಿ ಮಾತ್ರ ಒಂದಿಷ್ಟು ಉಳಿಯಿತು. ಕಥೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ವಿಷ ಇಳಿಸಿದ ಕಾಯಿ ಎಂಬಲ್ಲಿ ಎಲ್ಲರದೂ ಒಂದೇ ಮಾತು. ಈಗಲೂ ವರ್ಷದ ಮೊದಲ ಗುಳ್ಳ ಹೋಗುವುದು ಉಡುಪಿ ಕೃಷ್ಣನಿಗೆ. ಎರಡು ವರ್ಷಕ್ಕೊಮ್ಮೆ ಪೂಜೆಯ ಅಧಿಕಾರ ಮಠದಿಂದ ಮಠಕ್ಕೆ ದಾಟುವ ಪರ್ಯಾಯದ ಏರ್ಪಾಡೂ ಇದೇ ವಾದಿರಾಜರದ್ದು. ಆ ಹೊತ್ತಿನ ಹೊರೆಕಾಣಿಕೆಯಲ್ಲಿ ಗುಳ್ಳ ಇಲ್ಲದಿದ್ದರೆ ಮಟ್ಟುವಿಗೆ ಮುಖವಿಲ್ಲ.

ಅಜ್ಜ ಕಥೆ ಹೇಳುತ್ತಿರುವಾಗಲೇ ಬದುವಿನ ಅಂಚಿನಲ್ಲಿ ಮುಳ್ಳು ತುಂಬಿದ ಒಂದು ಕಳೆ ಕಾಲಿಗೆ ತಾಗಿತು. ನೆಲಕ್ಕೆ ಅಂಟಿ ಹರಡಿತ್ತು, ಗೋಲಿಯಷ್ಟೇ ಕಾಯಿ, ಮೈಮೇಲೆ ಅದೇ ತಿಳಿಹಸಿರು, ಅದೇ ಬಿಳಿ ಗೀರು. ನೆಲಗುಳ್ಳ! ಗಂಧಿಗೆ ಅಂಗಡಿಯಲ್ಲಿ ದಶಮೂಲದ ಹತ್ತು ಬೇರುಗಳಲ್ಲಿ ಇದರದ್ದೂ ಒಂದು. ಅದೇ ಪಟ್ಟಿಯಲ್ಲಿ ಕಿರುಗುಳ್ಳವೂ ಇದೆ. ಕನ್ನಡ ಈ ಕಾಡು ಸಂಬಂಧಿಗಳಿಗೆಲ್ಲ ಗುಳ್ಳ ಎಂದೇ ಹೆಸರಿಟ್ಟಿದೆ. ಬದನೆಯನ್ನು ಮನುಷ್ಯ ಮೊದಲು ಒಕ್ಕಲು ಮಾಡಿದ ಪ್ರದೇಶಗಳಲ್ಲಿ ಭಾರತವೂ ಸೇರಿದೆ, ಆದ್ದರಿಂದ ಇಲ್ಲಿ ಬದನೆ ಒಂಟಿಯಲ್ಲ. ಬದುವಿನಲ್ಲಿ, ಬೇಲಿಯಲ್ಲಿ, ಹೊಳೆದಂಡೆಯಲ್ಲಿ ದಾಯಾದಿಗಳಿದ್ದಾರೆ. ಬಿಟಿ ಬದನೆಯ ಚರ್ಚೆಯಲ್ಲಿ ತಜ್ಞರು ಇದನ್ನೇ ಉದ್ದ ವರದಿಗಳಲ್ಲಿ ಬರೆದರು. ನನಗೆ ಅದು ಅರ್ಥವಾದದ್ದು ಕಾಲಿಗೆ ಮುಳ್ಳು ಹೊಕ್ಕಾಗ.

ಬಿಸಿಲೇರಿತು. ನೇರಳೆ ಹೂಗಳ ಮೇಲೆ ಕರಿಯ ದುಂಬಿಯೊಂದು ಬಂದು ಕೂತು ಝೇಂಕರಿಸಿತು. ಕಿವಿಗೊಟ್ಟರೆ ಹಾರುವ ಸದ್ದಿಗಿಂತ ಇದು ಬೇರೆ, ಸ್ವಲ್ಪ ತಾರಕ. ಬದನೆಯ ಹೂವಿನ ಹಳದಿ ಪರಾಗಕೋಶಗಳು ಸೀಳಿ ತೆರೆಯುವುದಿಲ್ಲ. ಉಪ್ಪಿನ ಡಬ್ಬಿಯಂತೆ ತುದಿಯಲ್ಲಿ ತೂತು. ದುಂಬಿ ಹೂವನ್ನು ಅಪ್ಪಿ ರೆಕ್ಕೆಯ ಸ್ನಾಯು ಅದುರಿಸಿದರೆ ಪರಾಗ ಉದುರುತ್ತದೆ. ನಮ್ಮ ತುಡುವೆ ಜೇನಿಗೆ ಈ ವಿದ್ಯೆ ಬಾರದು. ಬದನೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಗಟ್ಟುವ ಗಿಡ. ಆದರೂ ದುಂಬಿ ಈ ಹೂವಿನಿಂದ ಪಕ್ಕದ ಗದ್ದೆಯ ಹೂವಿಗೆ ಹಾರಿದ್ದನ್ನು ನಾನು ನಿಂತಲ್ಲೇ ಕಂಡೆ. ನಡುವೆ ಇದ್ದದ್ದು ಒಂದು ಮೊಳ ಅಗಲದ ಬದು.

ಗುಳ್ಳಕ್ಕೂ ಹುಳ ಬೀಳುತ್ತದೆಯೇ ಎಂದು ಇಷ್ಟೊತ್ತೂ ನಾನು ಮುಚ್ಚಿಟ್ಟುಕೊಂಡಿದ್ದ ಪ್ರಶ್ನೆಗೆ ಕೇಳದೆಯೇ ಉತ್ತರ ಸಿಕ್ಕಿತು. ಒಂದು ಗಿಡದ ಕುಡಿ ಬಾಡಿ ಜೋತುಬಿದ್ದಿತ್ತು. ಅಜ್ಜ ಅದನ್ನು ಚಿವುಟಿ, ಕತ್ತಿಯ ತುದಿಯಿಂದ ಸೀಳಿ ತೋರಿಸಿದರು. ಒಳಗೆ ನಸುಗೆಂಪು ಮೈಯ ಸಣ್ಣ ಹುಳ. "ಪುರಿ" ಎಂದರು ತುಳುವಿನಲ್ಲಿ. ಕುಡಿ ಮತ್ತು ಕಾಯಿ ಕೊರಕ. ಪತಂಗ ರಾತ್ರಿ ಮೊಟ್ಟೆ ಇಡುತ್ತದೆ, ಮರಿ ಹೊರಬಂದ ಕೆಲವೇ ಗಂಟೆಯಲ್ಲಿ ಕುಡಿಯನ್ನೋ ಕಾಯನ್ನೋ ಹೊಕ್ಕುಬಿಡುತ್ತದೆ. ಹೊಕ್ಕ ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಂಡು ಒಳಗೆ ಆರಾಮಾಗಿರುತ್ತದೆ. ಆಮೇಲೆ ಹೊರಗೆ ಏನು ಸಿಂಪಡಿಸಿದರೂ ಅದಕ್ಕೆ ತಾಗದು. ಹಾಗಾಗಿ ಅದು ಹೊರಗಿರುವ ಆ ಕೆಲವು ಗಂಟೆಯನ್ನೇ ಹಿಡಿಯಬೇಕೆಂದು ದೇಶದುದ್ದಕ್ಕೂ ಬದನೆ ಬೆಳೆಗಾರರು ವಾರಕ್ಕೊಮ್ಮೆ, ಕೆಲವರು ಅದಕ್ಕಿಂತ ಹೆಚ್ಚು, ಔಷಧಿ ಹೊಡೆಯುತ್ತಾರೆ.

"ಇಲ್ಲಿ?"

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬಿಡ್ತೇವೆ. ಬಿಡದಿದ್ರೆ ಗುಳ್ಳ ಎಲ್ಲಿ ಉಂಟು? ದೇವರಿಗೆ ಕೊಡುವ ಸಾಲಿಗೆ ಬಿಡುವುದಿಲ್ಲ, ಅಷ್ಟೇ" ಎಂದರು. ಗದ್ದೆಯ ಮೂಲೆಯಲ್ಲಿ ಗೂಟಕ್ಕೆ ನೇತುಹಾಕಿದ ಮೋಹಕ ಬಲೆ ಇತ್ತು, ತಳದಲ್ಲಿ ಐದಾರು ಗಂಡು ಪತಂಗ ಸತ್ತು ಬಿದ್ದಿದ್ದವು. ಅದರ ಪಕ್ಕದಲ್ಲೇ ಬೋರಲು ಹಾಕಿದ ಸಿಂಪಡಣೆಯ ಕ್ಯಾನೂ ಇತ್ತು. ವಿಷ ಇಳಿಸಿದ ಕಾಯಿಗೆ ವಿಷ. ಪೇಟೆಯಲ್ಲಿ ಕೂತು ಬಿಟಿ ಬದನೆಯನ್ನು ಬೈಯುವ ನಮ್ಮ ಬರಹಗಳಲ್ಲಿ ಈ ಕ್ಯಾನ್ ಬರುವುದೇ ಇಲ್ಲ. ನಾನೂ ಅಂಥವು ಒಂದೆರಡು ಬರೆದಿದ್ದೇನೆ, ಆಗ ಹುಳವನ್ನು ನೋಡಿರಲಿಲ್ಲ.

ಅಷ್ಟರಲ್ಲಿ ಮೊಮ್ಮಗ ಬಂದ. ಶಿವಮೊಗ್ಗ ಕಡೆ ಕೃಷಿ ಪದವಿ ಓದುತ್ತಿರುವ ಹುಡುಗ, ರಜೆಯಲ್ಲಿ ಊರಿಗೆ ಬಂದವನು. ಬಿಟಿ ಎಂದೊಡನೆ ಅವನಿಗೆ ಹುರುಪು. ಬಿಟಿ ಅಂದರೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದು ಹರಳಿನ ರೂಪದಲ್ಲಿ ಒಂದು ಪ್ರೋಟೀನು ಕಟ್ಟುತ್ತದೆ. ಮರಿಹುಳು ತಿಂದರೆ ಅದರ ಕ್ಷಾರೀಯ ಕರುಳಿನಲ್ಲಿ ಹರಳು ಕರಗಿ, ಕರುಳಗೋಡೆಗೆ ಅಂಟಿ, ತೂತು ಮಾಡುತ್ತದೆ. ಹುಳು ಮೇವು ಬಿಡುತ್ತದೆ, ಸಾಯುತ್ತದೆ. ನಮ್ಮ ಹೊಟ್ಟೆ ಆಮ್ಲೀಯ, ನಮ್ಮ ಕರುಳಿಗೆ ಅದು ಅಂಟಿಕೊಳ್ಳುವ ಕೊಂಡಿಯೂ ಇಲ್ಲ. ಇದೇ ಬ್ಯಾಕ್ಟೀರಿಯಾದ ಪುಡಿಯನ್ನು ಸಾವಯವ ಕೃಷಿಕರೂ ಸಿಂಪಡಿಸುತ್ತಾರೆ. "ಸಾವಯವದವರು ಹೊರಗಿನಿಂದ ಹಾಕುವುದನ್ನು ಗಿಡದ ಒಳಗೇ ಹುಟ್ಟುವಂತೆ ಮಾಡಿದ್ದಾರೆ, ಅಷ್ಟೇ ಅಲ್ವಾ?" ಎಂದ. ಅವನಿಗೆ ನಾನು ಒಂದು ಸಂಗತಿ ಸೇರಿಸಿದೆ: ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದು 1901ರಲ್ಲಿ, ಜಪಾನಿನ ಇಷಿವಾತ ಎಂಬ ವಿಜ್ಞಾನಿ, ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಹತ್ತು ವರ್ಷದ ಮೇಲೆ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದಲ್ಲಿ ಕಂಡು, ತುರಿಂಗಿಯಾ ಪ್ರಾಂತದ ಹೆಸರು ಇಟ್ಟ. ನಮ್ಮ ರಾಮನಗರ, ಶಿಡ್ಲಘಟ್ಟದ ರೇಷ್ಮೆಯವರಿಗೆ ಈ ಪುಡಿ ಎಂದರೆ ಇಂದಿಗೂ ಭಯ. ಅಷ್ಟೇ ಎನ್ನುವ ಮಾತನ್ನು ಆ ಹುಡುಗ ಆಮೇಲೆ ಬಳಸಲಿಲ್ಲ.

ಗುಳ್ಳ ಬಿಟಿಯ ಬಾಗಿಲವರೆಗೆ ಹೋದದ್ದು ಹೇಗೆ? ಜೀನನ್ನು ಬದನೆಗೆ ಸೇರಿಸಿದ್ದು ಮಹಾರಾಷ್ಟ್ರದ ಮಹೀಕೊ ಕಂಪನಿ. ಕಂಪನಿಗೆ ಬೇಕಾದದ್ದು ಹೈಬ್ರಿಡ್‌ಗಳು. ಆದರೆ ನಮ್ಮಲ್ಲಿ ಊರಿಗೊಂದು ಬದನೆ. ಎಣಗಾಯಿಗೆ ಒಂದು, ವಾಂಗಿಬಾತಿಗೆ ಒಂದು, ಹುಳಿಗೆ ಒಂದು. ಅಂಥ ನಾಟಿ ತಳಿಗಳಿಗೂ ಜೀನ್ ದಾಟಿಸಲು ಅಮೆರಿಕದ ನೆರವಿನ ಯೋಜನೆಯೊಂದರಡಿ, ಕಾರ್ನೆಲ್ ವಿಶ್ವವಿದ್ಯಾಲಯವೂ ಸೇರಿ, 2005ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದವಾಯಿತು. ಧಾರವಾಡದವರು ಆರು ತಳಿ ಆರಿಸಿದರು. ಮಾಲಾಪುರ ಲೋಕಲ್, ಕುಡಚಿ ಲೋಕಲ್, ರಬಕವಿ ಲೋಕಲ್, ಮಂಜರಿ ಗೋಟಾ, 112 ಜಿಒ. ಆರನೆಯದು ಉಡುಪಿಯ ಗುಳ್ಳ. ಪಟ್ಟಿಯಲ್ಲಿ ಉಡುಪಿ ಲೋಕಲ್. ಈ ಲೋಕಲ್ ಎಂಬ ಮಾತು ನನಗೆ ಬಹಳ ಕುತೂಹಲದ್ದು. ಕೃಷ್ಣೆಯ ದಂಡೆಯ ಕುಡಚಿಯಲ್ಲಿ, ನೇಕಾರರ ರಬಕವಿಯಲ್ಲಿ ಯಾವ ಹೆಂಗಸೋ, ಯಾವ ಒಕ್ಕಲಿಗನೋ ತಲೆಮಾರುಗಟ್ಟಲೆ ಆರಿಸಿ ಆರಿಸಿ ಉಳಿಸಿದ ಕಾಯಿಗೆ ತಳಿಗಾರನ ಹೆಸರಿಲ್ಲ, ಬಿಡುಗಡೆಯ ವರ್ಷವಿಲ್ಲ. ಲೋಕಲ್, ಮುಗಿಯಿತು. ಧಾರವಾಡದಲ್ಲೇ ಹುಟ್ಟಿದ ವರಲಕ್ಷ್ಮಿ ಹತ್ತಿಗಾದರೆ 1972 ಎಂಬ ವರ್ಷವಿದೆ, ಕಟರಕಿ ಎಂಬ ತಳಿಗಾರರ ಹೆಸರಿದೆ.

ಜೀನನ್ನು ತಳಿಯಿಂದ ತಳಿಗೆ ದಾಟಿಸುವುದು ಪ್ರಯೋಗಾಲಯದ ಮಾಟವಲ್ಲ, ಹಳೆಯ ಸಂಕರಣದ ಕೆಲಸ. ಮೊಮ್ಮಗ ಕೋಲು ತೆಗೆದುಕೊಂಡು ಏರಿಯ ಮರಳಿನಲ್ಲಿ ಲೆಕ್ಕ ಬರೆದ. ಬಿಟಿ ಬದನೆಯನ್ನು ಗುಳ್ಳಕ್ಕೆ ಕೂಡಿಸಿದರೆ ಹುಟ್ಟುವ ಸಸಿಯಲ್ಲಿ ಅರ್ಧ ಗುಳ್ಳ. ಅದನ್ನು ಮತ್ತೆ ಗುಳ್ಳಕ್ಕೇ ಕೂಡಿಸಿ, ಹುಳ ತಡೆಯುವ ಸಸಿಗಳನ್ನಷ್ಟೇ ಉಳಿಸಿಕೊಂಡರೆ ಶೇಕಡಾ 75. ಮತ್ತೆ ಕೂಡಿಸಿದರೆ 87.5. ಆಮೇಲೆ 93.75. ಹೀಗೆ ಆರು ಸಲ ತಾಯಿಗೆ ಮರಳಿಸಿದರೆ ಸರಾಸರಿ 99.2. ಹಿಮ್ಮುಖ ಸಂಕರಣ ಎಂದು ಹೆಸರು. ಅಜ್ಜ ಬಗ್ಗಿ ಮರಳಿನ ಮೇಲಿನ ಅಂಕಿ ನೋಡಿದರು.

"ಬಾಕಿ ಉಳಿದ ಮುಕ್ಕಾಲು ಪರ್ಸೆಂಟಲ್ಲಿ ಎಂತ ಉಂಟು?"

"ಹುಳ ಸಾಯುವುದು ಉಂಟು ಅಜ್ಜ."

"ಅಷ್ಟೇ ಉಂಟು ಅಂತ ಯಾರು ನೋಡಿದ್ದು?"

ಹುಡುಗ ನನ್ನ ಮುಖ ನೋಡಿದ. ತಳಿವಿಜ್ಞಾನದ ತರಗತಿಯಲ್ಲಿ ಈ ಪ್ರಶ್ನೆಗೊಂದು ಹೆಸರಿದೆ: ಬೇಕಾದ ಜೀನಿನ ಅಕ್ಕಪಕ್ಕ ಅಂಟಿಕೊಂಡು ಬರುವ ಬೇಡದ ತುಣುಕು. ಬಾಲದಂತೆ ಹಿಂದೆಯೇ ಬರುತ್ತದೆ, ಕತ್ತರಿಸಲು ಬಹಳ ತಾಳ್ಮೆ ಬೇಕು. ಅಜ್ಜನಿಗೆ ಹೆಸರು ಗೊತ್ತಿರಲಿಲ್ಲ, ಬಾಲ ಗೊತ್ತಿತ್ತು.

ಇಲ್ಲಿ ಧಾರವಾಡದವರ ಪರವಾಗಿ ಒಂದು ಮಾತು ಹೇಳಬೇಕು. ಅವರು ಮಾಡಲು ಹೊರಟದ್ದು ಹೈಬ್ರಿಡ್ ಅಲ್ಲ. ಬೀಜ ಉಳಿಸಿಕೊಂಡು ಮರುವರ್ಷ ಬಿತ್ತಬಹುದಾದ ತಳಿ, ಕಡಿಮೆ ಬೆಲೆಗೆ. ಬಹುರಾಷ್ಟ್ರೀಯ ಕಂಪನಿಯ ಬೀಜ ವರ್ಷವರ್ಷ ಕೊಳ್ಳಬೇಕು ಎಂಬ, ಹತ್ತಿಯಲ್ಲಿ ನಿಜವಾದ ದೂರು ಇದಕ್ಕೆ ನೇರವಾಗಿ ಅಂಟುವುದಿಲ್ಲ. ಸರ್ಕಾರಿ ವಿಜ್ಞಾನಿಗಳು ಕಂಪನಿಯ ಜೀನನ್ನು ರೈತರ ತಳಿಗೆ ತರುವುದನ್ನು ಒಳ್ಳೆಯ ಕೆಲಸವೆಂದೇ ನಂಬಿ ಮಾಡಿದರು ಎಂದು ನನ್ನ ತಿಳಿವಳಿಕೆ. ಅವರು ಎಡವಿದ್ದು ಬೇರೆ ಕಡೆ.

2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಹತ್ತಿ 2002ರಲ್ಲೇ ಬಂದಿತ್ತು, ಆದರೆ ಹತ್ತಿಯನ್ನು ಉಡುತ್ತೇವೆ, ಬದನೆಯನ್ನು ತಿನ್ನುತ್ತೇವೆ. ಗದ್ದಲ ಎದ್ದಿತು. ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ಕರೆದರು. ಜನವರಿಯಲ್ಲಿ ಕೋಲ್ಕತ್ತದಲ್ಲಿ ಶುರುವಾದದ್ದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಮುಗಿಯಿತು. ಕರ್ನಾಟಕದ್ದು ಈ ವಿಷಯದಲ್ಲಿ ಹಳೆಯ ಸಿಟ್ಟು. 1998ರಲ್ಲೇ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಸೀಮೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತ್ತು. ಈ ಸಲ ರಾಜ್ಯ ಸರ್ಕಾರವೂ ಆತುರ ಬೇಡ ಎಂದಿತು. ಫೆಬ್ರುವರಿ 9ರಂದು ಸಚಿವರು ತಡೆ ಘೋಷಿಸಿದರು. ಇಂದಿಗೂ ಆ ತಡೆ ತೆರವಾಗಿಲ್ಲ. ಗಡಿಯಾಚೆಯ ಬಾಂಗ್ಲಾದೇಶ 2013ರ ಅಕ್ಟೋಬರಿನಲ್ಲಿ ಇದೇ ಜೀನಿನ ಬದನೆಗೆ ಒಪ್ಪಿಗೆ ಕೊಟ್ಟು, ಮರುವರ್ಷ ಜನವರಿಯಲ್ಲಿ 20 ರೈತರ ಕೈಗೆ ಸಸಿ ಕೊಟ್ಟಿತು. ಅಲ್ಲಿ ಈಗಲೂ ಬೆಳೆಯುತ್ತಾರೆ.

ಮಟ್ಟುವಿನಲ್ಲಿ ನೆನಪಿರುವುದು ಉಡುಪಿಯಲ್ಲಿ ಎದ್ದ ವಿರೋಧ. ದೇವರಿಗೆ ಹೋಗುವ ಕಾಯಿಗೆ ಬ್ಯಾಕ್ಟೀರಿಯಾದ ಜೀನ್ ಹಾಕುತ್ತಾರಂತೆ ಎಂಬ ಮಾತು ಮನೆಮನೆ ಮುಟ್ಟಿತ್ತು. "ಬೊಡ್ಚಿ, ಬೇಡ ಅಂತ ಹೇಳಿದೆವು, ನಿಂತಿತು" ಎಂದರು ಅಜ್ಜ. ಅವರ ದನಿಯಲ್ಲಿ ಗೆದ್ದವರ ಗತ್ತು ಇರಲಿಲ್ಲ. ಹುಳ ನಿಲ್ಲಲಿಲ್ಲವಲ್ಲ.

ಈಗ ಸೆಂಟ್ಸಿನ ಲೆಕ್ಕಕ್ಕೆ ಬರೋಣ. ಬಿಟಿ ಬೆಳೆಯ ಸುತ್ತ ಬಿಟಿ ಅಲ್ಲದ ಗಿಡಗಳ ಆಶ್ರಯಪಟ್ಟಿ ಬಿಡಬೇಕು, ಇಲ್ಲದಿದ್ದರೆ ಹುಳ ಬೇಗ ಪಳಗುತ್ತದೆ. ಹತ್ತಿಗೆ ಆಗ ಇದ್ದ ನಿಯಮ ಐದು ಸಾಲು ಅಥವಾ ಶೇಕಡಾ 20, ಯಾವುದು ಹೆಚ್ಚೋ ಅದು. ಎಕರೆಗಟ್ಟಲೆ ಬೆಳೆಯುವ ಹತ್ತಿಯವರೇ ಅದನ್ನು ಸರಿಯಾಗಿ ಪಾಲಿಸಲಿಲ್ಲ. ಗುಲಾಬಿ ಕಾಯಿಕೊರಕ ಮೊದಲ ಜೀನಿಗೆ ಪಳಗಿತು, ಆಮೇಲೆ ಎರಡು ಜೀನಿನ ಬೋಲ್ಗಾರ್ಡ್ 2ಕ್ಕೂ ಪಳಗಿತು. ನಾನು ಅಜ್ಜನ ಗದ್ದೆಯನ್ನು ಅಡ್ಡಲಾಗಿ ನಡೆದು ಸಾಲು ಎಣಿಸಿದೆ: ಹದಿನಾಲ್ಕು. ಐದು ಸಾಲು ಆ ಬದಿಗೆ, ಐದು ಈ ಬದಿಗೆ ಬಿಟ್ಟರೆ ನಡುವೆ ನಾಲ್ಕು ಸಾಲು ಬಿಟಿ ಗುಳ್ಳ. ಮೊಮ್ಮಗ ಜೋರಾಗಿ ನಕ್ಕ. ಸುರಕ್ಷತೆಯ ಬಗ್ಗೆ ವಿಜ್ಞಾನಿಗಳ ನಡುವಿನ ವಾದ ಹಾಗಿರಲಿ, ಈ ಹದಿನಾಲ್ಕು ಸಾಲಿಗೆ ಆ ತಂತ್ರಜ್ಞಾನವನ್ನು ಯಾರೂ ಅಳತೆ ಮಾಡಿ ಹೊಲಿದಿರಲಿಲ್ಲ. ಕಿತ್ತೊಗೆದ ಕುಡಿ, ಮೋಹಕ ಬಲೆ, ಬದು ದಾಟಿ ಪಕ್ಕದವನಿಗೂ ಅದನ್ನೇ ಮಾಡುವಂತೆ ಒಪ್ಪಿಸುವುದು, ಇವು ಇಲ್ಲಿಯ ಅಳತೆಯವು. ನಿಧಾನದವು ಕೂಡ, ಅಜ್ಜನ ಕ್ಯಾನ್ ಇನ್ನೂ ಗದ್ದೆಯಲ್ಲೇ ಇದೆ, ಅಟ್ಟ ಸೇರಿಲ್ಲ.

ಬುಟ್ಟಿ ತುಂಬಿತು. ಅದನ್ನು ಬೆಳೆಗಾರರ ಸಂಘದ ಕೇಂದ್ರಕ್ಕೆ ಮುಟ್ಟಿಸಲು ಮೊಮ್ಮಗನ ಸ್ಕೂಟರಿನ ಹಿಂದೆ ನಾನೂ ಏರಿದೆ. ಗುಳ್ಳಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ಬಿಟಿ ಗಲಾಟೆಯ ಮರುವರ್ಷ, 2011ರಲ್ಲಿ. ಕೇಂದ್ರದಲ್ಲಿ ಗಾತ್ರ ನೋಡಿ ವಿಂಗಡಿಸಿ, ಒಂದೊಂದು ಕಾಯಿಗೂ ಸ್ಟಿಕ್ಕರ್ ಅಂಟಿಸುತ್ತಾರೆ. ಒಬ್ಬಾಕೆ ಎಡಗೈಯಲ್ಲಿ ಕಾಯಿ ತಿರುಗಿಸುತ್ತಾ ಬಲಗೈಯಲ್ಲಿ ಅಂಟಿಸುವ ವೇಗಕ್ಕೆ ನನ್ನ ಕಣ್ಣು ಸೋತಿತು. ಸ್ಟಿಕ್ಕರ್ ಯಾಕೆಂದರೆ ಪೇಟೆಯಲ್ಲಿ ಪೆರಂಪಳ್ಳಿ ಗುಳ್ಳವೂ ಬರುತ್ತದೆ. ದೂರದಿಂದ ನೋಡಿದರೆ ತಮ್ಮನಂತೆ. ಹೊರಗಿನವರು ಮೋಸ ಹೋಗುತ್ತಾರೆ, ಉಡುಪಿಯ ಅಡುಗೆಯವರು ಹೋಗುವುದಿಲ್ಲ. ಪೆರಂಪಳ್ಳಿಯವರಿಗೆ ಅವರ ಗುಳ್ಳವೇ ಮೇಲು ಎನಿಸುತ್ತದೆ ಎಂಬುದನ್ನು ಮಟ್ಟುವಿನಲ್ಲಿ ನಿಂತು ಹೇಳಬಾರದು.

ಬರುವಾಗ ಹೊಳೆಯ ದಂಡೆಯಲ್ಲಿ ನಿಂತೆವು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ಜೊತೆ ಉಪ್ಪುನೀರು ಮೇಲೇರುತ್ತದೆ. ಒಮ್ಮೆ ಗದ್ದೆಗೆ ನುಗ್ಗಿದರೆ ಆ ವರ್ಷದ ಗುಳ್ಳ ಹೋಯಿತು. ಇನ್ನೊಂದು ಸೊರಗು ರೋಗ. ಮಣ್ಣಿನ ಬ್ಯಾಕ್ಟೀರಿಯಾ ಬೇರಿಗೆ ಹೊಕ್ಕು ಹಸಿರು ಗಿಡವನ್ನು ಎರಡು ದಿನದಲ್ಲಿ ಮಲಗಿಸುತ್ತದೆ. ಅದಕ್ಕೆ ಸುಂಡೆ ಗಿಡದ ಬುಡಕ್ಕೆ ಬದನೆಯ ಕುಡಿ ಕಸಿ ಕಟ್ಟುವ ಉಪಾಯವಿದೆ. ಸುಂಡೆಯ ಬೇರು ರೋಗಕ್ಕೆ ಬಗ್ಗುವುದಿಲ್ಲ. ಮೊಮ್ಮಗ ಮನೆಯ ಹಿಂದೆ ನಾಲ್ಕು ಗಿಡ ಹಾಗೆ ಕಟ್ಟಿದ್ದಾನೆ. ಎರಡು ಬದುಕಿವೆ. ಕಾಡು ದಾಯಾದಿಯ ಕಾಲ ಮೇಲೆ ನಿಂತ ಗುಳ್ಳ. "ಇದು ದೇವರಿಗೆ ಆಗ್ತದಾ ಅಂತ ಅಜ್ಜನ ಹತ್ರ ಕೇಳಿದೆ" ಎಂದ.

"ಏನಂದರು?"

"ಕಾಯಿ ಬಿಡಲಿ, ತಿಂದು ಹೇಳ್ತೇನೆ ಅಂದರು."

ಮಧ್ಯಾಹ್ನದ ಊಟಕ್ಕೆ ಗುಳ್ಳದ ಬೋಳು ಹುಳಿ, ಕುಚ್ಚಲಕ್ಕಿ ಅನ್ನ. ತೆಂಗಿನಕಾಯಿ ಇಲ್ಲದ ಹುಳಿಯಲ್ಲಿ ಗುಳ್ಳ ಅವಿತುಕೊಳ್ಳಲು ಜಾಗವಿಲ್ಲ, ಅದಕ್ಕೇ ಪರೀಕ್ಷೆಗೆ ಬೋಳು ಹುಳಿಯೇ ಸರಿ ಎಂದರು ಮನೆಯ ಯಜಮಾನತಿ. ಅಜ್ಜನ ಹೆಂಡತಿ ಅವರು. ಹೋಳು ಬಾಯಲ್ಲಿಟ್ಟರೆ ಸಿಪ್ಪೆ ಇದೆಯೆಂದೇ ತಿಳಿಯಲಿಲ್ಲ. ಊಟದ ನಡುವೆ ಮೊಮ್ಮಗ ಮೊಬೈಲಿನಿಂದ ಹೊಸ ಕಾಲದ ಸುದ್ದಿ ಬಡಿಸಿದ. ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಒಪ್ಪಿಗೆ ರದ್ದು ಎಂದವರು ನಮ್ಮವರೇ ಆದ ಬಿ.ವಿ. ನಾಗರತ್ನ, ಸರಿ ಎಂದವರು ಸಂಜಯ್ ಕರೋಲ್. 2025ರ ಮೇ ತಿಂಗಳಲ್ಲಿ ಎರಡು ಬತ್ತದ ತಳಿ ಬಂದಿವೆ, ಹೊರಗಿನ ಜೀನ್ ಸೇರಿಸದೆ ಬತ್ತದ್ದೇ ಜೀನನ್ನು ತಿದ್ದಿದ್ದು. ಈ ಬಗೆಯ ತಿದ್ದುಪಡಿಗೆ ಬಿಟಿಗಿದ್ದ ಬಿಗಿ ನಿಯಮಗಳಿಂದ ಸರ್ಕಾರ 2022ರಲ್ಲೇ ವಿನಾಯಿತಿ ಕೊಟ್ಟಿದೆ. "ನಾಳೆ ಗುಳ್ಳವನ್ನೂ ಹಾಗೆ ತಿದ್ದಬಹುದು. ಆಗ ಬಾಲ ಇರುವುದಿಲ್ಲ ಅಜ್ಜ" ಎಂದ. ಅಜ್ಜ ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡರು.

ಧಾರವಾಡದವರು ಎಡವಿದ್ದು ಬೇರೆ ಕಡೆ ಎಂದೆನಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಊರಿನ ತಳಿಯನ್ನು ಇಂಥ ಕೆಲಸಕ್ಕೆ ಬಳಸುವ ಮುನ್ನ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕಿತ್ತು, ಊರಿನವರ ಸಮಿತಿಯನ್ನು ಕೇಳಬೇಕಿತ್ತು, ಅದು ಆಗಿಲ್ಲ ಎಂದು ಬೆಂಗಳೂರಿನ ಪರಿಸರ ಸಂಘಟನೆಯೊಂದು 2010ರಲ್ಲಿ ದೂರಿತು. 2012ರಲ್ಲಿ ಮೊಕದ್ದಮೆಯೂ ಹೂಡಲ್ಪಟ್ಟಿತು, ಧಾರವಾಡದ ನ್ಯಾಯಾಲಯದಲ್ಲಿ. ಸಂಶೋಧನಾ ಸಹಯೋಗಕ್ಕೆ ಅಂಥ ಅನುಮತಿ ಅಗತ್ಯವಿಲ್ಲ ಎಂಬುದು ಎದುರು ವಾದ. ಕಾನೂನಿನ ಗಂಟನ್ನು ವಕೀಲರು ಬಿಡಿಸಲಿ. ನನಗೆ ತಿಳಿಯಬೇಕಾಗಿದ್ದು ಚಿಕ್ಕ ವಿಷಯ. ಬೀಜ ಕೇಳಿಕೊಂಡು ಯಾರಾದರೂ ಈ ಅಂಗಳಕ್ಕೆ ಬಂದಿದ್ದರೇ ಎಂದು ಯಜಮಾನತಿಯನ್ನು ಕೇಳಿದೆ.

"ಬಂದಿರಬಹುದು. ಬೀಜಕ್ಕೆ ಯಾರ್ಯಾರೋ ಬರ್ತಾರೆ. ಕೇಳಿದ್ರೆ ಕೊಡ್ತೇವಪ್ಪ. ಎಂತಕ್ಕೆ ಅಂತ ಹೇಳಿದ್ರೆ ಸಾಕಿತ್ತು."

ಈ ಮನೆಯಲ್ಲಿ ಬೀಜದ ಅಧಿಕಾರ ಅವರದ್ದೇ ಎಂದು ಆಗ ತಿಳಿಯಿತು. ಗದ್ದೆ ಅಜ್ಜನದ್ದಿರಬಹುದು, ಯಾವ ಗಿಡದ ಕಾಯಿ ಬೀಜಕ್ಕೆ ಬಿಡಬೇಕೆಂದು ಕೈ ತೋರಿಸುವವರು ಇವರು. ಹಿಂದಿನ ಸಾಲಿನ ಒಂದು ಗಿಡಕ್ಕೆ ಹಳೆಯ ಸೀರೆಯ ಕೆಂಪು ಚೂರು ಕಟ್ಟಿತ್ತು. ಅದರಲ್ಲಿ ಎರಡು ಕಾಯಿ ಹಣ್ಣಾಗಿ ಅರಸಿನ ಬಣ್ಣಕ್ಕೆ ತಿರುಗಿದ್ದವು. ಈ ಗಿಡವೇ ಯಾಕೆ ಎಂದೆ. ಮುಳ್ಳು ಕಡಿಮೆ ಇರುವುದನ್ನು ಆರಿಸಿದಿರಾ? ಅವರು ಅಲ್ಲವೆಂದು ತಲೆಯಾಡಿಸಿದರು. ಮುಳ್ಳು ಇರಬೇಕು, ಮುಳ್ಳು ಹೋದರೆ ರುಚಿಯೂ ಹೋಗುತ್ತದೆ ಎಂದು ಅತ್ತೆ ಹೇಳುತ್ತಿದ್ದರಂತೆ. ಗಿಡ ಬೇಗ ಕವಲೊಡೆದಿರಬೇಕು, ಗೀರು ತೊಟ್ಟಿನಿಂದ ಸರಿಯಾಗಿ ಇಳಿದಿರಬೇಕು, ಪುರಿ ತಾಗಿರಬಾರದು. "ಸುತ್ತ ಎಲ್ಲಕ್ಕೂ ತಾಗಿ ಇದಕ್ಕೆ ಮಾತ್ರ ತಾಗದಿದ್ರೆ ಅದನ್ನು ಬಿಡುವುದುಂಟಾ?" ಎಂದರು. ಮೊಮ್ಮಗ ಸುಮ್ಮನೆ ನಿಂತು ಆ ಕೆಂಪು ಚೂರನ್ನು ನೋಡುತ್ತಿದ್ದ. ಇದನ್ನು ಅವನು ಮೊದಲೂ ನೋಡಿರಬೇಕು, ಕೇಳಿರಲಿಲ್ಲ.

ಹೊರಡುವಾಗ ನಾನೂ ಬೀಜ ಕೇಳಿದೆ. ಬೆಂಗಳೂರಿನ ಮನೆಯ ತಾರಸಿಯಲ್ಲಿ ಎರಡು ಕುಂಡ ಖಾಲಿ ಇವೆ ಎಂದೆ. ಅವರು ಒಳಗೆ ಹೋಗಿ, ಬೂದಿ ಬೆರೆಸಿ ಒಣಗಿಸಿಟ್ಟ ಕಳೆದ ವರ್ಷದ ಬೀಜವನ್ನು ಪತ್ರಿಕೆಯ ತುಂಡಿನಲ್ಲಿ ಮಡಚಿ ತಂದರು. ನಾನು ಎಂತಕ್ಕೆ ಎಂದು ಹೇಳಿದ್ದೆ, ಅವರಿಗೆ ಅಷ್ಟು ಸಾಕಾಗಿತ್ತು. ಅಜ್ಜ ಮುಟ್ಟಾಳೆ ತೆಗೆದು ಅಂಗಳದ ಕಂಬಕ್ಕೆ ನೇತುಹಾಕುತ್ತಾ, "ಅಲ್ಲಿ ಹುಟ್ಟುತ್ತದೆ, ಕಾಯಿಯೂ ಬಿಡ್ತದೆ" ಎಂದರು. "ಆದ್ರೆ ಅದಕ್ಕೆ ನೀವು ಬದನೆ ಅಂತಲೇ ಹೇಳಿ."